ಬೆಳ್ಳಿ ಬಟ್ಟಲಿನ ಹೆಪ್ಪು

ಆ ಊರಲ್ಲಿ ಹಾಲು ತಾನಾಗಿ ಮೊಸರಾಗುತ್ತಿರಲಿಲ್ಲ. ಇಟ್ಟರೆ ಕೆಡುತ್ತಿತ್ತು, ಹುಳಿ ಹಿಂಡಿದರೆ ಒಡೆಯುತ್ತಿತ್ತು, ಮೊಸರು ಮಾತ್ರ ಆಗುತ್ತಿರಲಿಲ್ಲ. ಕೆಳಗಿನ ಊರುಗಳಿಂದ ಯಾರಾದರೂ ತಮ್ಮ ಮನೆಗೆಂದು ಹೆಪ್ಪು ತಂದರೆ ಬೆಟ್ಟ ಹತ್ತುವಷ್ಟರಲ್ಲಿ ಅದು ನೀರಾಗಿಬಿಡುತ್ತಿತ್ತು. ಯಾಕೆ ಎಂದು ನನ್ನನ್ನು ಕೇಳಬೇಡಿ. ಒಂದೊಂದು ಊರಿಗೆ ಒಂದೊಂದು ನಿಯಮ. ಆ ಬೋಳು ಬೆಟ್ಟದ ನೆತ್ತಿಯ ಮೇಲಿನ ಊರಿಗೆ ಇದು.

ನಿಯಮಕ್ಕೆ ಇನ್ನೊಂದು ತುದಿಯೂ ಇತ್ತು. ಒಂದು ಮನೆಯ ಮೊಸರು ಅದೇ ಮನೆಯ ಹಾಲಿಗೆ ಹೆಪ್ಪಾಗುತ್ತಿರಲಿಲ್ಲ. ಬೇರೆಯವರು ಕೊಡಬೇಕು, ಕೊಟ್ಟು ಮರೆಯಬೇಕು. ಹಾಗಾಗಿ ಹಿಂದೆ ಆ ಊರಿನ ಹೆಂಗಸರು ಸಂಜೆಯಾದರೆ ಒಂದು ಚಮಚ ಮೊಸರು ಹಿಡಿದು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತಿದ್ದರು. ಒಳಗಿನವಳು ಹಾಲಿನ ಕುಡಿಕೆ ಮುಂದೆ ಹಿಡಿದು ಕೇಳುತ್ತಿದ್ದಳು.

"ಕೊಟ್ಟೆಯಾ?"

"ಕೊಟ್ಟೆ."

"ತಿರುಗಿ ಕೇಳುವೆಯಾ?"

"ಕೇಳೆ."

ಅಷ್ಟಾದ ಮೇಲೆ ಕುಡಿಕೆಗೆ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಮೂರು ದಿನ ಯಾರೂ ಅದನ್ನು ಅಲುಗಿಸುವಂತಿಲ್ಲ, ತೆರೆದು ನೋಡುವಂತಿಲ್ಲ. ಆ ಬೆಟ್ಟದ ಚಳಿಗೆ ಮೊಸರು ಹೆಪ್ಪುಗಟ್ಟಲು ಅಷ್ಟು ಹೊತ್ತು ಹಿಡಿಯುತ್ತಿತ್ತು. ಜಗಳವಾಡಿಕೊಂಡ ಮನೆಗಳೂ ಈ ನಾಲ್ಕು ಮಾತನ್ನಂತೂ ಆಡಲೇಬೇಕಿತ್ತು, ಇಲ್ಲದಿದ್ದರೆ ಎರಡೂ ಮನೆಯಲ್ಲಿ ಬರೀ ಸಾರನ್ನ. ಮೊಸರಿನ ಆಸೆಗೆ ಆ ಊರಲ್ಲಿ ಎಷ್ಟು ಮುನಿಸು ಮುರಿದವೋ ದೇವರಿಗೇ ಗೊತ್ತು.

ಆ ಹೆಪ್ಪನ್ನು ಬೆಟ್ಟಕ್ಕೆ ತಂದವರು ಮೊದಲ ಗುರುಗಳು. ಎರಡು ಕಡ್ಡಿ ಕಟ್ಟಿದ ಶಿಲುಬೆ, ಬಟ್ಟೆ ಸುತ್ತಿದ ಒಂದು ಕುಡಿಕೆ, ಇಷ್ಟೇ ಅವರ ಗಂಟು. ಅವರ ಕುಡಿಕೆಯದು ಮಾತ್ರ ದಾರಿಯಲ್ಲಿ ನೀರಾಗಲಿಲ್ಲ. ತಮಗೆಂದು ತಂದಿರಲಿಲ್ಲ, ಅದಕ್ಕೇ ಇರಬೇಕು. ಅವರಿಗೆ ಆ ಸೀಮೆಯ ಮಾತು ಸರಿಯಾಗಿ ಬರುತ್ತಿರಲಿಲ್ಲ. ಯೇಸು ತನ್ನನ್ನೇ ಕೊಟ್ಟುಕೊಂಡ, ಶಿಲುಬೆಯ ಮೇಲೆ ಸತ್ತ, ಬಂಡೆಯ ಗವಿಯಲ್ಲಿ ಅವನನ್ನಿಟ್ಟು ಕಲ್ಲು ಮುಚ್ಚಿದರು, ಮೂರನೆಯ ದಿನ ಎದ್ದ ಎಂದು ತೊದಲುತ್ತಾ ಹೇಳಿದರು. ಊರವರು ಬಿಡುವವರಲ್ಲ. ಕೊಟ್ಟ ಮೇಲೆ ಮುಗಿಯಿತಲ್ಲ, ಅದು ತಿರುಗಿ ಬರುವುದು ಹೇಗೆ ಎಂದು ಪಟ್ಟು ಹಿಡಿದರು. ಗುರುಗಳು ಮಾತು ಹುಡುಕಿ ಹುಡುಕಿ ಸೋತು, ಕೊನೆಗೆ ಹಾಲು ತರಿಸಿದರು. ತಮ್ಮಲ್ಲಿದ್ದ ಕೊನೆಯ ಚಮಚ ಮೊಸರನ್ನು ಅದಕ್ಕೆ ಹಾಕಿ, ಈಗ ನನ್ನ ಚಮಚ ಎಲ್ಲಿದೆ ಹುಡುಕಿ ಎಂದರು. ಎಲ್ಲರೂ ಬಗ್ಗಿ ನೋಡಿದರು. ಬರೀ ಹಾಲು. ಮುಚ್ಚಳ ಮುಚ್ಚಿ ಕಲ್ಲಿಟ್ಟರು. ಅದು ಶುಕ್ರವಾರ. ಭಾನುವಾರ ಬೆಳಿಗ್ಗೆ ಕಲ್ಲು ತೆಗೆದಾಗ ಕುಡಿಕೆಯ ತುಂಬ ಅವರ ಚಮಚವೇ ಇತ್ತು.

"ಹೀಗೆ," ಎಂದರಂತೆ ಗುರುಗಳು. ಅವರ ಜೀವಮಾನದ ಉಪದೇಶವೆಲ್ಲ ಆ ಒಂದು ಮಾತು. ಊರು ನಂಬಿತು.

ಅಲ್ಲಿಂದ ಎಷ್ಟೋ ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೊಂದು ವರ್ಷ ದನಗಳಿಗೆ ರೋಗ ಬಂತು. ಹಟ್ಟಿಗಳು ಬರಿದಾದವು, ಹಾಲಿಲ್ಲದೆ ಹೆಪ್ಪು ಒಂದೊಂದೇ ಮನೆಯಲ್ಲಿ ಸತ್ತುಹೋಯಿತು. ಇಡೀ ಊರಿಗೆ ಒಂದು ಚಮಚ ಉಳಿಯಿತು. ದನ ತಿರುಗಿ ಬರುವವರೆಗೆ ಇದನ್ನು ಜೋಪಾನ ಮಾಡೋಣ ಎಂದು ಯೇಸುವಿನ ಗುಡಿಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಅಂದಿನ ಉಪದೇಶಿ ಅದನ್ನು ಗುಡಿಯಲ್ಲೇ ಒಂದು ಮಣ್ಣಿನ ಬಟ್ಟಲಲ್ಲಿ ಇಡಿಸಿದ. ತಪ್ಪೇನಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ದನಗಳು ತಿರುಗಿ ಬರುವಷ್ಟರಲ್ಲಿ ಮಣ್ಣಿನ ಬಟ್ಟಲು ಕಂಚಿನದಾಗಿತ್ತು. ಕಂಚಿನದು ಬೆಳ್ಳಿಯದಾಯಿತು. ಬೆಳ್ಳಿಗೆ ಗೂಡು, ಗೂಡಿಗೆ ಪರದೆ, ಪರದೆಗೆ ಜರಿ. ಇಂಥದ್ದನ್ನು ತೆಗೆದು ಯಾವ ಬಾಯಲ್ಲಿ ಹಾಲಿಗೆ ಹಾಕು ಎನ್ನುವುದು? ಯಾರೂ ಎನ್ನಲಿಲ್ಲ. ಊರಿನ ತುಂಬ ಹಾಲಿತ್ತು, ಗುಡಿಯಲ್ಲಿ ಹೆಪ್ಪಿತ್ತು, ಒಂದು ಮನೆಯಲ್ಲೂ ಮೊಸರಿರಲಿಲ್ಲ. ನನಗೆ ಇದನ್ನು ನೆನೆದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಶುಭ ಶುಕ್ರವಾರ ಬಂದರೆ ಊರಿಗೆ ಊರೇ ಗುಡಿಗೆ ಬರುತ್ತಿತ್ತು. ಮೂರು ಗಂಟೆಗೆ ಪರದೆ ಸರಿಸಿ ಬಟ್ಟಲು ತೋರಿಸಿದಾಗ ಗಂಡಸರು ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಅಳುವುದಕ್ಕೆ ಅಷ್ಟು ಚೆನ್ನಾಗಿ ಬರುತ್ತಿತ್ತು ಆ ಊರಿಗೆ. ಭಾನುವಾರ ಮಾತ್ರ ಯಾಕೋ ಸಪ್ಪೆ. ತೆರೆಯಲು ಕುಡಿಕೆ ಇಲ್ಲ, ಹಂಚಲು ಮೊಸರಿಲ್ಲ. ಯೇಸು ಎದ್ದ ಎಂದು ಉಪದೇಶಿ ಓದುತ್ತಿದ್ದ, ಹೌದು ಎಂದು ಜನ ಮನೆಗೆ ಹೋಗುತ್ತಿದ್ದರು.

ಬಟ್ಟಲನ್ನು ಕಾಯುವ ಕೆಲಸ ಒಂದು ಮನೆತನದ ಹೆಂಗಸರದು. ಅತ್ತೆಯಿಂದ ಸೊಸೆಗೆ ಬರುತ್ತಿತ್ತು. ಈ ಕಥೆಯ ಕಾಲದಲ್ಲಿ ಅದನ್ನು ಕಾಯುತ್ತಿದ್ದವಳನ್ನು ಊರು ಬಟ್ಟಲಮ್ಮ ಎಂದು ಕರೆಯುತ್ತಿತ್ತು. ಅವಳ ಅತ್ತೆ ಸಾಯುವಾಗ ಕೈ ಹಿಡಿದು, ದೂರದಿಂದ ತೋರಿಸು, ಮುಚ್ಚಳ ಪೂರ್ತಿ ತೆಗೆಯಬೇಡ ಎಂದಿದ್ದಳು. ಅದೇನು ಭಕ್ತಿಯೋ ಎಂದುಕೊಂಡಿದ್ದಳು ಬಟ್ಟಲಮ್ಮ. ಮಣ್ಣು ಮಾಡಿ ಬಂದ ಮೇಲೆ ತೆರೆದು ನೋಡಿದರೆ ಬಟ್ಟಲಿನ ತಳದಲ್ಲಿ ಉಗುರಿನಷ್ಟು ಒಂದು ಒಣ ಹಕ್ಕಳೆ. ಹಳದಿ ತಿರುಗಿತ್ತು, ವಾಸನೆಯೂ ಇರಲಿಲ್ಲ. ಅಂದಿನಿಂದ ಅವಳೂ ದೂರದಿಂದಲೇ ತೋರಿಸಿದಳು. ಮೂವತ್ತು ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಎದೆ ಬಡಿದುಕೊಳ್ಳುವ ಜನರ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತಳು.

ಅವಳಿಗೆ ಒಬ್ಬನೇ ಮಗ. ಆ ವರ್ಷ, ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲ ಶುರುವಾದ ವಾರ, ಪಕ್ಕದ ಬೀದಿಯಲ್ಲಿ ಹಾಲು ಮಾರುತ್ತಿದ್ದ ಹಾಲಿನವಳ ಗಂಡ ಹುಲ್ಲು ಕೊಯ್ಯಲು ಹೋಗಿ ಕಮರಿಯ ಅಂಚಿನಲ್ಲಿ ಸಿಕ್ಕಿಕೊಂಡ. ಬಟ್ಟಲಮ್ಮನ ಮಗ ಹಗ್ಗ ಹಿಡಿದು ಇಳಿದ. ತನ್ನ ಸೊಂಟದ ಹಗ್ಗ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿ, ಎಳೀರಿ ಎಂದು ಕೂಗಿದ. ಎಳೆದರು. ಹಗ್ಗ ಎರಡನೆಯ ಸಲ ಇಳಿಯುವಷ್ಟರಲ್ಲಿ ಅವನು ನಿಂತಿದ್ದ ಅಂಚು ಕುಸಿಯಿತು.

ಅವನನ್ನು ಮಣ್ಣು ಮಾಡುವ ದಿನ ಬಟ್ಟಲಮ್ಮನ ಸೊಸೆ ಒಂದು ಹಿಡಿ ಮಣ್ಣು ಹಾಕಿ ಬಂದಳು. ಅಂದಿನಿಂದ ಅವಳಿಗೆ ಏನು ಬಾಯಿಗಿಟ್ಟರೂ ಮಣ್ಣಿನ ರುಚಿ. ಅನ್ನ ಮಣ್ಣು, ರೊಟ್ಟಿ ಮಣ್ಣು, ಬೆಲ್ಲವೂ ಮಣ್ಣು. ಗಂಜಿಯ ತಿಳಿಯನ್ನು ನಾಲ್ಕು ಗುಟುಕು ನುಂಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ವಾರಗಳು ಕಳೆದಂತೆ ಅವಳ ರವಿಕೆಯ ತೋಳುಗಳು ಸಡಿಲವಾಗಿ ಜೋಲತೊಡಗಿದವು. ಒಮ್ಮೆ ಮಾತ್ರ, ನಮ್ಮೂರಿನ ಹಾಗೆ ಮೊಸರಿದ್ದಿದ್ದರೆ ಒಂದು ತುತ್ತು ತಿನ್ನುತ್ತಿದ್ದೆನೇನೋ ಎಂದಿದ್ದಳು. ಅವಳು ಕೆಳಗಿನ ಬಯಲು ಸೀಮೆಯ ಹುಡುಗಿ, ಮೊಸರು ಉಂಡು ಬೆಳೆದವಳು. ಅಷ್ಟು ಹೇಳಿ, ಅದು ಆಗದ ಮಾತು ಎಂದು ನೆನಪಾಗಿ ಮತ್ತೆ ಗೋಡೆಯ ಕಡೆ ತಿರುಗಿದಳು.

ಬಟ್ಟಲಮ್ಮನಿಗೆ ಮಗ ಹೋಗಿದ್ದ. ಈಗ ಮಗ ಪ್ರೀತಿಸಿದವಳೂ ಕಣ್ಣ ಮುಂದೆಯೇ ಹೋಗುತ್ತಿದ್ದಳು.

ಶುಭ ಶುಕ್ರವಾರದ ಬೆಳಿಗ್ಗೆ ಅವಳು ಗುಡಿಗೆ ಹೋಗಿ ಗೂಡಿನ ಪರದೆ ಸರಿಸಿದಳು. ಬಟ್ಟಲಿನ ಮುಚ್ಚಳ ಪೂರ್ತಿ ತೆಗೆದು, ಆ ಹಕ್ಕಳೆಯನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಸತ್ತದ್ದಾದರೆ ಸತ್ತದ್ದೇ, ಊರಿನ ಕೊನೆಯ ಹೆಪ್ಪನ್ನು ಕಳೆದವಳು ಎಂಬ ಹೆಸರು ತನಗಿರಲಿ ಎಂದುಕೊಂಡಳು. ಆದರೆ ನಿಯಮ ನಿಯಮವೇ. ತಾನೇ ಕಾಯುತ್ತಿದ್ದ ಹೆಪ್ಪು ತನ್ನ ಮನೆಯ ಹಾಲಿಗೆ ಆಗಿಬರದು. ಬೇರೆಯವರಿಗೆ ಕೊಡಬೇಕು. ಆ ಬೇಸಗೆಯಲ್ಲಿ ಕುಡಿಕೆ ತುಂಬುವಷ್ಟು ಹಾಲು ಕೊಡುವ ಹಸು ಇದ್ದದ್ದು ಒಂದೇ ಮನೆಯಲ್ಲಿ, ಹಾಲಿನವಳ ಮನೆಯಲ್ಲಿ.

ಮಗ ಸತ್ತ ಮೇಲೆ ಅವಳು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಹಾಲಿನವಳೂ ಇವಳ ಬಾಗಿಲಿಗೆ ಬಂದಿರಲಿಲ್ಲ. ಒಬ್ಬಳಿಗೆ ಸಿಟ್ಟು, ಇನ್ನೊಬ್ಬಳಿಗೆ ನಾಚಿಕೆ.

ಬಾಗಿಲಲ್ಲಿ ಅವಳನ್ನು ಕಂಡು ಹಾಲಿನವಳು ಎದ್ದು ನಿಂತವಳು ಒಳಗೆ ಬಾ ಎನ್ನುವುದನ್ನೂ ಮರೆತಳು. ಬಟ್ಟಲಮ್ಮ ಅಂಗೈ ತೆರೆದು ತೋರಿಸಿ, ಗುಡಿಯಲ್ಲಿ ಉಳಿದಿರುವುದು ಇಷ್ಟೇ, ಮೂವತ್ತು ವರ್ಷದಿಂದ ಇಷ್ಟೇ, ನಿನ್ನ ಮನೆಯಲ್ಲಿ ಹಾಲಿದೆ, ಹಾಕಿ ನೋಡು ಎಂದಳು. ಸೊಸೆಯ ಹೆಸರು ಎತ್ತಲಿಲ್ಲ. ಎತ್ತಿದರೆ ತಿರುಗಿ ಕೇಳಿದ ಹಾಗೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು, ಪಾಪ.

ಹಾಲಿನವಳು ಆ ಹಕ್ಕಳೆಯನ್ನು ಮುಟ್ಟದೆ ಪಕ್ಕಕ್ಕೆ ಸರಿದು ಒಳಗಿನ ಮೂಲೆ ತೋರಿಸಿದಳು.

"ನಿನ್ನ ಮಗ ಕೊಟ್ಟಿದ್ದನ್ನೇ ಈ ಮನೆ ಇನ್ನೂ ಮುಟ್ಟಿಲ್ಲ ಅಕ್ಕ," ಎಂದಳು. "ಅಲ್ಲಿ ನೋಡು."

ಮೂಲೆಯಲ್ಲಿ ಅವಳ ಗಂಡ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಕಮರಿಯಿಂದ ಮೇಲೆ ಬಂದ ದಿನದಿಂದ ಅಲ್ಲೇ. ಇದು ನನ್ನ ಉಸಿರಲ್ಲ, ಬೇರೆಯವರದು, ಖರ್ಚು ಮಾಡಬಾರದು ಎನ್ನುತ್ತಿದ್ದನಂತೆ. ಗಡ್ಡ ಎದೆಗೆ ಇಳಿದಿತ್ತು. ಅವನನ್ನು ಕಂಡರೆ ಬೈದು ಸಾಯಿಸಬೇಕು ಎಂದು ಬಟ್ಟಲಮ್ಮ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಕಂಡಾಗ ಬಂದ ಸಿಟ್ಟೇ ಬೇರೆ.

"ನನ್ನ ಮಗ ನಿನ್ನನ್ನ ಮೇಲಕ್ಕೆ ಕಳಿಸಿದ್ದು ಗೋಡೆ ನೋಡ್ಕೊಂಡು ಕೂರೋದಕ್ಕಲ್ಲ ಕಣಯ್ಯ. ಎದ್ದು ಒಲೆ ಹಚ್ಚು."

ಅವನು ತಿರುಗಿ ನೋಡಿದ. ಗೋಡೆ ಹಿಡಿದು ಎದ್ದ. ಕಾಲು ಜೋಮು ಹಿಡಿದಿತ್ತು, ಎರಡು ಹೆಜ್ಜೆ ತಡವರಿಸಿದ. ಒಲೆ ಹಚ್ಚಿದ.

ಹಾಲು ಉಕ್ಕಿ ಆರಿ ಉಗುರುಬೆಚ್ಚಗಾಯಿತು. ಹಾಲಿನವಳು ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದಳು. ಆ ಮಾತುಗಳನ್ನು ಅವರಿಬ್ಬರೂ ಬಾಳಿನಲ್ಲಿ ಒಮ್ಮೆಯೂ ಆಡಿದವರಲ್ಲ, ಅಜ್ಜಿಯರು ಹೇಳಿದ್ದನ್ನು ಕೇಳಿದ್ದರು ಅಷ್ಟೆ.

"ಕೊಟ್ಟೆಯಾ?"

"ಕೊಟ್ಟೆ."

"ತಿರುಗಿ ಕೇಳುವೆಯಾ?"

ಕೇಳಬೇಕೆಂದೇ ಅಲ್ಲವೇ ಅವಳು ಬಂದದ್ದು. ಒಂದೇ ಒಂದು ತುತ್ತು. ಅಂಗೈ ಮುಚ್ಚಿ ಮನೆಗೆ ಓಡಿಬಿಡೋಣವೇ ಅನ್ನಿಸಿತು.

"ಕೇಳೆ," ಎಂದಳು.

ಹಕ್ಕಳೆ ಹಾಲಿಗೆ ಬಿತ್ತು. ಒಂದು ಕ್ಷಣ ತೇಲಿ ಮುಳುಗಿತು. ಹಾಲಿನವಳ ಗಂಡ ಮುಚ್ಚಳ ಮುಚ್ಚಿ ಅಂಗಳದಿಂದ ಒಂದು ಕಲ್ಲು ತಂದು ಮೇಲಿಟ್ಟ.

ಮಧ್ಯಾಹ್ನ ಮೂರಕ್ಕೆ ಊರು ಗುಡಿಯಲ್ಲಿ ಸೇರಿತು. ಉಪದೇಶಿ ಪರದೆ ಸರಿಸಿದಾಗ ಬಟ್ಟಲಮ್ಮ ಮುಂದೆ ಹೋಗಿ ಬಟ್ಟಲನ್ನು ಮಗುಚಿ ತೋರಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಮೂವತ್ತು ವರ್ಷದ ಸುಳ್ಳನ್ನೂ ಸೇರಿಸಿ. ಅಳಲು ಸಿದ್ಧವಾಗಿ ಬಂದಿದ್ದ ಜನಕ್ಕೆ ಅಳುವುದೇ ಮರೆತುಹೋಯಿತು.

ಉಪದೇಶಿ ಕೆಟ್ಟವನಲ್ಲ. ಆ ಬಟ್ಟಲಿನ ಮುಂದೆ ಮಂಡಿಯೂರಿ ಮುದುಕನಾದವನು. ಮಗುಚಿದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ನಮ್ಮ ಹಿರಿಯರು ಇಷ್ಟು ಕಾಲ ಕಾಪಾಡಿದ್ದನ್ನ ಒಂದು ಕುಡಿಕೆ ಹಾಲಿಗೆ ಹಾಕಿಬಿಟ್ಟೆಯಲ್ಲಮ್ಮ."

"ನಾವು ಕಾಪಾಡಿದ್ದು ಬಟ್ಟಲನ್ನ, ಉಪದೇಶಿಗಳೇ," ಎಂದಳು ಬಟ್ಟಲಮ್ಮ. "ಗುರುಗಳು ಕೊಟ್ಟಿದ್ದು ಹಾಲಿಗೆ ಹಾಕೋದಕ್ಕೆ."

ಯಾರೂ ಅವಳನ್ನು ಬೈಯಲಿಲ್ಲ, ಯಾರೂ ಅವಳ ಜೊತೆ ಮಾತೂ ಆಡಲಿಲ್ಲ. ದಾರಿ ಬಿಟ್ಟರು. ಅವಳು ಮನೆಗೆ ಹೋಗಿ ಸೊಸೆಯ ಪಕ್ಕ ಕುಳಿತಳು.

ಶನಿವಾರ ಆ ಊರಲ್ಲಿ ಯಾರೂ ಭತ್ತ ಕುಟ್ಟಲಿಲ್ಲ, ಸೌದೆ ಒಡೆಯಲಿಲ್ಲ. ಹಾಲಿನವಳ ಬೀದಿಯಲ್ಲಿ ಗಂಡಸರು ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ನಡೆದರು. ಹಸುವಿನ ಕೊರಳಿನ ಗಂಟೆಗೆ ಯಾರೋ ಬಟ್ಟೆ ಸುತ್ತಿದರು. ಮೊದಲ ಸಲ ಆ ಊರಿಗೆ ಶನಿವಾರ ಎಂಬುದೊಂದು ದಿನವಿದೆ ಎಂದು ಗೊತ್ತಾಯಿತು. ಏನೂ ಕಾಣದ, ಏನೂ ಕೇಳಿಸದ, ಮಾಡಲು ಏನೂ ಇಲ್ಲದ ದಿನ. ಉಪದೇಶಿ ಎರಡು ಸಲ ಬಂದ. ಸುಮ್ಮನೆ ಒಂಚೂರು ಇಣುಕಿ ನೋಡೋಣ, ನೀರೊಡೆದಿದ್ದರೆ ಗೊತ್ತಾಗುತ್ತದೆ ಎಂದ. ಹಾಲಿನವಳ ಗಂಡ ಕುಡಿಕೆಯ ಪಕ್ಕದಲ್ಲೇ ಕುಳಿತಿದ್ದ. ಮೂರನೇ ದಿನ ಎಂದು ಮಾತ್ರ ಹೇಳಿ ಕಲ್ಲಿನ ಮೇಲೆ ಕೈಯಿಟ್ಟ. ಎರಡನೆಯ ಸಲ ಉಪದೇಶಿಯೂ ಹೋಗದೆ ಅಲ್ಲೇ ಅವನ ಜೊತೆ ಕುಳಿತ.

ಬಟ್ಟಲಮ್ಮ ಹೋಗಲಿಲ್ಲ. ಹೋಗಿ ನಿಂತರೆ ಅದೂ ಕೇಳಿದ ಹಾಗೆಯೇ. ಸೊಸೆ ಅಂದು ಗಂಜಿಯ ತಿಳಿಯನ್ನೂ ಬೇಡವೆಂದಳು. ಅವಳ ಉಸಿರು ಇದೆಯೋ ಇಲ್ಲವೋ ಎಂದು ಅತ್ತೆ ಆಗಾಗ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು.

ಭಾನುವಾರ ಬೆಳಕು ಹರಿಯುವಾಗ ಬೀದಿಯಲ್ಲಿ ಹೆಂಗಸರ ಹೆಜ್ಜೆ ಸದ್ದು ಕೇಳಿಸಿತು. ಬಹಳ ಜನ, ಬರಿಗಾಲು. ಆಮೇಲೆ ಏನೂ ಇಲ್ಲ. ಬಟ್ಟಲಮ್ಮ ಕಿವಿಗೊಟ್ಟು ಕುಳಿತಳು. ಆ ನಿಶ್ಶಬ್ದ ಎಷ್ಟು ಹೊತ್ತು ಇತ್ತೆಂದು ಅವಳಿಗೆ ಆಮೇಲೆ ಹೇಳಲಾಗಲಿಲ್ಲ. ಕೊನೆಗೆ ಗುಡಿಯ ಗಂಟೆ ಮೊಳಗಿತು, ಶುಕ್ರವಾರ ಬಾರಿಸುವಂತೆ ಒಂದೊಂದಾಗಿ ಅಲ್ಲ, ಯಾರೋ ಹಗ್ಗಕ್ಕೆ ಜೋತುಬಿದ್ದು ಎಳೆದ ಹಾಗೆ. ಅದರ ಹಿಂದೆಯೇ ಪಾತ್ರೆಗಳ ಸದ್ದು. ಮನೆ ಮನೆಯಿಂದ ಕುಡಿಕೆ, ಚೆಂಬು, ಲೋಟ ಹಿಡಿದು ಜನ ಓಡುತ್ತಿದ್ದರು. ಕೊಟ್ಟೆಯಾ, ಕೊಟ್ಟೆ, ಕೇಳುವೆಯಾ, ಕೇಳೆ ಎಂದು ಬೀದಿಯ ಉದ್ದಕ್ಕೂ ದನಿಗಳು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಬದುಕಿತ್ತು. ಅಷ್ಟು ಕಾಲ ಆ ಒಣಗಿದ ಚೂರಿನೊಳಗೆ ಅದು ಬದುಕಿತ್ತು, ತಾನು ಸತ್ತಿದೆ ಎಂದುಕೊಂಡು ಕಾದಿದ್ದಳು.

ಆದರೆ ಯಾರೂ ಬರಲಿಲ್ಲ. ಬಿಸಿಲು ಹೊಸ್ತಿಲಿಗೆ ಬಂತು, ಹೊಸ್ತಿಲು ದಾಟಿತು. ಊರು ದೊಡ್ಡದು, ಕುಡಿಕೆ ಚಿಕ್ಕದು. ಮುಗಿದಿರಬೇಕು ಎಂದುಕೊಂಡಳು. ಮುಗಿಯುವುದೇ ಒಳ್ಳೆಯದು, ಎಲ್ಲ ಮನೆಗೂ ಹೋಯಿತಲ್ಲ ಎಂದುಕೊಂಡಳು. ಹಾಗೆಂದುಕೊಂಡರೂ ಕಣ್ಣು ಬಾಗಿಲಿನ ಮೇಲೆಯೇ ಇತ್ತು.

ಬಾಗಿಲಿಗೆ ನೆರಳು ಬಿತ್ತು. ಹಾಲಿನವಳ ಗಂಡ ನಿಂತಿದ್ದ. ಗಡ್ಡ ಬೋಳಿಸಿದ್ದ, ಮೈ ತೊಳೆದಿದ್ದ. ಕೈಯಲ್ಲಿ ಗುಡಿಯ ಬೆಳ್ಳಿ ಬಟ್ಟಲು. ಉಪದೇಶಿಯೇ ಅದನ್ನು ಗೂಡಿನಿಂದ ತೆಗೆದು ಉಜ್ಜಿ ತೊಳೆದು ಕೊಟ್ಟನಂತೆ, ತಿನ್ನುವುದಕ್ಕೂ ಒಂದು ಬಟ್ಟಲು ಬೇಕಲ್ಲ ಎಂದು. ಅದರ ತುಂಬ ಅನ್ನ, ಅನ್ನದ ಮೇಲೆ ಗಟ್ಟಿ ಮೊಸರು. ಎಲ್ಲರಿಗೂ ಕೊಡುವ ಮೊದಲೇ ಹೆಂಡತಿ ಇದನ್ನು ಎತ್ತಿಟ್ಟಿದ್ದಳು, ಈ ಹೊಸ್ತಿಲು ತುಳಿಯಲು ಧೈರ್ಯ ಬರುವಷ್ಟರಲ್ಲಿ ಹೊತ್ತಾಯಿತು ಎಂದ.

"ನೀವು ತಿರುಗಿ ಕೇಳಲ್ಲ ಅಂದ್ರಿ," ಎಂದ. "ಅದಕ್ಕೆ ನಾನೇ ತಂದೆ ಅಮ್ಮ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ತನ್ನ ಮಗನ ತಲೆಗಿಂತ ಇದು ಎರಡು ಬೆರಳು ಎತ್ತರ. ಒಳಗೆ ಕರೆದು ಕೂರಿಸಿದಳು.

ಸೊಸೆಯನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ಸೊಸೆ ಮಣ್ಣಿನ ರುಚಿಗೆ ಕಾದು ಕಣ್ಣು ಬಿಗಿಯಾಗಿ ಮುಚ್ಚಿದಳು. ನಾಲಿಗೆ ಅಲುಗಿತು. ಗಂಟಲು ಅಲುಗಿತು. ಕಣ್ಣು ತೆರೆದು ಅತ್ತೆಯನ್ನು ನೋಡಿದಳು, ಬಾಗಿಲ ಬಳಿ ತಲೆ ತಗ್ಗಿಸಿ ಕುಳಿತವನನ್ನು ನೋಡಿದಳು. ಎರಡನೆಯ ತುತ್ತು ತಿಂದಳು. ಮೂರನೆಯದಕ್ಕೆ ಅವಳ ಕಣ್ಣಿಂದ ನೀರು ಇಳಿಯಿತು, ಮಣ್ಣು ಹಾಕಿದ ದಿನವೂ ಇಳಿಯದಿದ್ದ ನೀರು.

"ಅವರೂ ಏಳ್ತಾರಾ ಅತ್ತೆ?"

ಬಟ್ಟಲಮ್ಮನ ಕೈ ಬಟ್ಟಲಿನಲ್ಲೇ ನಿಂತಿತು. ಇದೊಂದು ಪ್ರಶ್ನೆಯನ್ನು ತಾನೂ ಯಾರನ್ನಾದರೂ ಕೇಳಬೇಕೆಂದು ಇಷ್ಟು ದಿನ ಕಾದಿದ್ದಳು.

"ಏಳ್ತಾನೆ ಮಗಾ," ಎಂದಳು. "ಆ ಮುಚ್ಚಳ ತೆಗೆಯೋದು ನಮ್ಮ ಕೈಲಿಲ್ಲ, ಅಷ್ಟೆ. ಅಲ್ಲೀವರೆಗೂ ಉಣ್ಣಬೇಕು. ಎಲ್ಲಿ, ಇನ್ನೊಂದು ತುತ್ತು."

ಸೊಸೆ ಬಾಯಿ ತೆರೆದಳು.